ಪಕ್ಕದ ಸೀಟಿನ ತೂಕ

ನನ್ನ ಗಂಡ ಕೆಲಸಕ್ಕೆ ಸೇರಿದಾಗಿನಿಂದ ನಿವೃತ್ತಿಯಾಗುವವರೆಗೆ ಲಾರಿ ತೂಗಿದವರು. ಲಾರಿ ಓಡಿಸಿದವರಲ್ಲ, ಲಾರಿ ಇಟ್ಟುಕೊಂಡವರೂ ಅಲ್ಲ, ಬರೀ ತೂಗಿದವರು. ಊರು ಮುಗಿದು ಹೆದ್ದಾರಿ ಶುರುವಾಗುವ ಕಡೆ ಒಂದು ವೇಬ್ರಿಡ್ಜ್ ಇದೆ. ನೆಲಕ್ಕೆ ಸಮನಾಗಿ ಉದ್ದನೆಯ ಕಬ್ಬಿಣದ ಹಾಸು. ಅದರ ಮೇಲೆ ಲಾರಿ ಬಂದು ನಿಂತರೆ ಪಕ್ಕದ ಗಾಜಿನ ಕೋಣೆಯ ನೆತ್ತಿಯ ಮೇಲೆ ಕೆಂಪು ಅಂಕಿ ಮೂಡುತ್ತದೆ. ಅಂಕಿ ಮಿತಿಯೊಳಗಿದ್ದರೆ "ಪಾಸ್!" ಅಂತ ಕೂಗಿ ಚೀಟಿ ಹರಿದು ಕೊಡಬೇಕು. ಮಿತಿ ದಾಟಿದರೆ ಗಾಡಿ ಮುಂದಕ್ಕೆ ಹೋಗುವ ಹಾಗಿಲ್ಲ, ಹೆಚ್ಚಾದ ಮಾಲನ್ನು ಅಲ್ಲೇ ಇಳಿಸಬೇಕು. ಡ್ರೈವರುಗಳು ಕೈ ಮುಗಿದರೂ ಕಾಲು ಹಿಡಿದರೂ ನನ್ನ ಗಂಡ ಜಗ್ಗುತ್ತಿರಲಿಲ್ಲ. ಅದನ್ನು ಊಟಕ್ಕೆ ಕೂತಾಗ ಎದೆಯುಬ್ಬಿಸಿ ಹೇಳಿಕೊಳ್ಳುತ್ತಿದ್ದರು. ನಾನು ಹೆಮ್ಮೆಯಿಂದ ಕೇಳುತ್ತಿದ್ದೆ. ಬಡಿಸುತ್ತಾ ಕೇಳುತ್ತಿದ್ದೆ ಅನ್ನಿ.

ಅವರದು ಪಾಳಿಯ ಕೆಲಸ. ನಾನು ಎದ್ದಾಗ ಅವರು ಮಲಗಿರುತ್ತಿದ್ದರು, ಅವರು ಎದ್ದಾಗ ನಾನು ಹೊಲಿಗೆಗೆ ಕೂತಿರುತ್ತಿದ್ದೆ. ನಾನು ಪರದೆ, ಗಾದಿ, ಸೋಫಾ ಕವರ್ ಹೊಲಿಯುವವಳು. ಬೀದಿಗೆ ತೆರೆದುಕೊಳ್ಳುವ ಮುಂದಿನ ಕೋಣೆಯೇ ನನ್ನ ಅಂಗಡಿ. ಬಟ್ಟೆ ಕತ್ತರಿಸಲು ಗೋಡೆಯಿಂದ ಗೋಡೆಗೆ ಮುಟ್ಟುವ ಮೇಜು, ಕಿಟಕಿಯ ಬೆಳಕಿಗೆ ಮುಖ ಮಾಡಿದ ಮಷಿನ್ನು. ಇಬ್ಬರೂ ದುಡಿದೆವು, ಮಗಳನ್ನು ಓದಿಸಿದೆವು, ಮದುವೆ ಮಾಡಿದೆವು. ಇಷ್ಟೆಲ್ಲದರ ನಡುವೆ ನಾವಿಬ್ಬರೂ ಅಕ್ಕಪಕ್ಕ ಕೂತು ಸುಮ್ಮನೆ ಮಾತಾಡಿದ್ದು ನನಗಂತೂ ನೆನಪಿಲ್ಲ. ಯಾರಾದರೂ ಸತ್ತ ಮನೆಗೆ ಹೋದಾಗ ಬಸ್ಸಿನಲ್ಲಿ ಕೂತಿದ್ದೆವೇನೋ.

ನಿವೃತ್ತಿಯಾದ ಮೇಲೆ ಅವರು ಫೋನ್ ಹಿಡಿದುಕೊಂಡು ಸೋಫಾಕ್ಕೆ ಅಂಟಿಕೊಂಡರು. ಯಾರೋ ಗಂಡ ಹೆಂಡತಿ ವ್ಯಾನನ್ನೇ ಮನೆ ಮಾಡಿಕೊಂಡು ಊರೂರು ಸುತ್ತುವ ವಿಡಿಯೋಗಳು. ಬೆಳಗ್ಗೆ ಹಿಂದಿನ ಬಾಗಿಲು ತೆಗೆದರೆ ಸಮುದ್ರ, ಸಂಜೆ ತೆಗೆದರೆ ಬೆಟ್ಟ. ಆ ಹೆಂಗಸು ಯಾವಾಗ ನೋಡಿದರೂ ಕಪ್ ಹಿಡಿದುಕೊಂಡು ನಗುತ್ತಿರುತ್ತಾಳೆ. ಆ ಕಪ್ ತೊಳೆಯುವುದನ್ನು ಮಾತ್ರ ಯಾರೂ ತೋರಿಸುವುದಿಲ್ಲ.

ಒಂದು ದಿನ ಎತ್ತರದ, ಚಪ್ಪಟೆ ಮೂಗಿನ ಹಳೆಯ ವ್ಯಾನು ನಮ್ಮ ಬಾಗಿಲಿಗೆ ಬಂದು ನಿಂತಿತು. ಯಾರೋ ಪಾರ್ಸೆಲ್ ತಂದರು ಅಂದುಕೊಂಡು ಹೊರಗೆ ಬಂದರೆ ಇವರು ಡ್ರೈವರ್ ಸೀಟಿನಿಂದ ಇಳಿಯುತ್ತಿದ್ದಾರೆ.

"ನಮ್ಮದೇ," ಅಂದರು. "ಮನೆ ಮಾರಿಬಿಡೋಣ."

ಹೀಗೆ. "ಮಾರೋಣವಾ" ಅಂತಲ್ಲ, "ಏನಂತೀಯ" ಅಂತಲ್ಲ. ಹಳೇ ಪೇಪರ್ ಮಾರೋಣ ಅಂದ ಹಾಗೆ. ನನಗೆ ಪಿತ್ತ ನೆತ್ತಿಗೇರಿತು. ಕೈಯಲ್ಲಿದ್ದ ಕತ್ತರಿ ಕೆಳಗಿಡದೆ ಬಾಯಿಗೆ ಬಂದದ್ದೆಲ್ಲ ಅಂದೆ. ಅವರು ಕೇಳಿಸಿಕೊಂಡರು. ತೂಗುವವರಿಗೆ ಬೈಸಿಕೊಳ್ಳುವುದು ಅಭ್ಯಾಸ. ನಾನು ಉಸಿರು ತೆಗೆದುಕೊಳ್ಳಲು ನಿಂತಾಗ ಒಂದೇ ಒಂದು ಮಾತಂದರು.

"ಇಷ್ಟು ವರ್ಷ ನೀನೊಂದು ಕಡೆ, ನಾನೊಂದು ಕಡೆ ಆಯ್ತು. ಇನ್ಮೇಲೆ ಪಾಳಿ ಇಲ್ಲ, ಗಿರಾಕಿ ಇಲ್ಲ. ನಾನು ಗಾಡಿ ಓಡಿಸ್ತೀನಿ, ನೀನು ಪಕ್ಕದಲ್ಲಿ ಕೂತ್ಕೋ. ಸಾಕು ನನಗೆ."

ಆ "ಪಕ್ಕದಲ್ಲಿ ಕೂತ್ಕೋ" ಅನ್ನುವ ಮಾತಿಗೆ ನಾನು ಬಿದ್ದೆ. ಯಾಕೆ ಸುಳ್ಳು ಹೇಳಲಿ, ಬಿದ್ದೆ. ಮದುವೆಯ ದಿನ ಫೋಟೋದವನು ಹೇಳಿದ್ದು ಬಿಟ್ಟರೆ ಆ ಮಾತನ್ನು ನನಗೆ ಇನ್ಯಾರೂ ಹೇಳಿರಲಿಲ್ಲ.

ಮಗಳಿಗೆ ಫೋನ್ ಮಾಡಿದರೆ "ಸೂಪರ್ ಅಮ್ಮ!" ಅಂದು ಇಟ್ಟಳು. ಅಕ್ಕನಿಗೆ ಮಾಡಿದೆ. ಅವಳು ಪಕ್ಕದ ಊರಿನಲ್ಲಿ ದಾರ, ಗುಂಡಿ, ಝಿಪ್ಪಿನ ಅಂಗಡಿ ಇಟ್ಟಿದ್ದಾಳೆ. ಭಾವ ಹೋದ ಮೇಲೆ ಒಬ್ಬಳೇ, ನಾಲಿಗೆ ಮಾತ್ರ ಇಬ್ಬರಿಗಾಗುವಷ್ಟು.

"ತಲೆ ಕೆಟ್ಟಿದೆಯೇನೇ ನಿನಗೆ?" ಅಂದಳು. "ಮಲಗೋದಲ್ಲೇ, ಅಡುಗೆ ಅಲ್ಲೇ, ಕಕ್ಕಸೂ ಅಲ್ಲೇ. ಜಗಳ ಆಡಿದ್ರೆ ಮುಖ ಊದಿಸ್ಕೊಂಡು ಕೂರೋಕಾದ್ರೂ ಒಂದು ಬೇರೆ ಕೋಣೆ ಬೇಡವಾ?"

"ಅವರು ಪಕ್ಕದಲ್ಲಿ ಕೂತ್ಕೋ ಅಂದ್ರು ಕಣೇ."

ಅಕ್ಕನ ದನಿ ಮೆತ್ತಗಾಯಿತು. ಅದು ಅಪರೂಪ. "ನನ್ನ ಅಂಗಡಿಯ ಹಿಂದಿನ ಕೋಣೆ ಖಾಲಿ ಇದೆ. ಬರೋದಾದ್ರೆ ಯಾವತ್ತಾದ್ರೂ ಬಾ, ಫೋನ್ ಸಹ ಮಾಡ್ಬೇಡ," ಅಂದಳು.

"ಅವರ ಪಕ್ಕದಲ್ಲಿ ನನಗೆ ಜಾಗ ಇರೋವರೆಗೂ ಅವರ ಜೊತೆ ಹೋಗ್ತೀನಿ," ಅಂದೆ. "ಇಲ್ಲ ಅಂತ ಗೊತ್ತಾದ ದಿನ ನಿನ್ನ ಹತ್ರ ಬರ್ತೀನಿ."

ಹಾಗೆ ಹೇಳಿ ಮನೆ ಮಾರುವ ಕಾಗದಕ್ಕೆ ಸಹಿ ಹಾಕಿದೆ. ಒಂದು ಸೀಟಿಗಾಗಿ ಇಡೀ ಮನೆ ಬಿಟ್ಟುಕೊಟ್ಟೆ. ಇದನ್ನು ಯಾರೂ ಮರೆಯಬಾರದು.

ಆಮೇಲೆ ಶುರುವಾಯಿತು ತೂಕ.

ಮನೆಯಾಗಿ ಬದಲಾಯಿಸಿದ ಗಾಡಿಗೆ ವೇಬ್ರಿಡ್ಜಿನ ಚೀಟಿ ಇಲ್ಲದಿದ್ದರೆ ರಸ್ತೆಗಿಳಿಯಲು ಪರವಾನಗಿ ಸಿಗುವುದಿಲ್ಲವಂತೆ. ಮೂರೂವರೆ ಟನ್ ಮಿತಿ. ನೀರಿನ ಟ್ಯಾಂಕು, ಗ್ಯಾಸ್, ಡೀಸೆಲ್ ಎಲ್ಲ ತುಂಬಿಕೊಂಡು, ಸಾಮಾನೆಲ್ಲ ಹೇರಿಕೊಂಡು ಹೋಗಿ ತೂಗಿಸಬೇಕು. ಇದು ಗೊತ್ತಾದದ್ದೇ ತಡ, ಇವರಿಗೆ ಹೋದ ನೌಕರಿ ಮರಳಿ ಬಂದ ಹಾಗಾಯಿತು. ಗುಜರಿಯವನ ಹತ್ತಿರ ಒಂದು ತೂಕದ ಯಂತ್ರ ಎರವಲು ತಂದು ನಡುಮನೆಯಲ್ಲಿ ಇಟ್ಟರು. ಅದರ ಪಕ್ಕ ಒಂದು ಸ್ಟೂಲು. ಸ್ಟೂಲಿನ ಮೇಲೆ ಇವರು. ನಮ್ಮ ಸಂಸಾರವೆಲ್ಲ ಒಂದೊಂದಾಗಿ ಅವರ ಮುಂದೆ ಹಾಜರಾಗಬೇಕು. ಪಾಸ್ ಆದದ್ದು ವ್ಯಾನಿಗೆ, ಆಗದ್ದು ಬೀದಿಗೆ.

ಕಬ್ಬಿಣದ ಬಾಣಲೆ ಫೇಲ್. ನಿಲುವುಗನ್ನಡಿ ಫೇಲ್. ಮಗಳ ಶಾಲೆಯ ಫೋಟೋಗಳ ಆಲ್ಬಮ್ಮು ತೂಗಿ, ಫೋಟೋಗಳನ್ನು ಬಿಡಿಸಿ, ರಟ್ಟನ್ನು ಆಚೆಗಿಟ್ಟು, ಬರೀ ಫೋಟೋಗಳನ್ನು ಮತ್ತೆ ತೂಗಿ "ಪಾಸ್" ಅಂದರು. ಲೆಕ್ಕವೆಲ್ಲ ತಲೆಯಲ್ಲೇ. ಬರೆದುಕೊಳ್ಳುವುದು ದಡ್ಡರ ಕೆಲಸ ಅಂತ ಅವರ ಅಭಿಪ್ರಾಯ. ಬೆಳಗ್ಗೆ ತೂಗಿದ ಚಮಚದ ಕಟ್ಟನ್ನೂ ಸಂಜೆ ಕೂಡಿಸಿ ಹೇಳುತ್ತಿದ್ದರು.

ನನ್ನ ಮಷಿನ್ನಿನ ಸರದಿ ಬಂದಾಗ ನಾನು ಅದರ ಮುಂದೆ ಅಡ್ಡ ನಿಂತೆ.

"ಇದನ್ನ ತೂಗ್ಬೇಡಿ. ಇದು ಬರುತ್ತೆ."

"ತೂಗ್ದೆ ಹೇಗೆ ಬರುತ್ತೆ?" ಅವರಿಗೆ ನಿಜವಾಗಿಯೂ ಆಶ್ಚರ್ಯ.

"ನಾನು ಬಂದ ಹಾಗೆ ಬರುತ್ತೆ."

ನಕ್ಕರು. ಇಬ್ಬರು ಹಮಾಲರನ್ನು ಕರೆಸಿ ಎತ್ತಿಸಿ ತೂಗಿದರು. "ನೋಡು, ಇದೊಂದೇ ಎರಡು ಬ್ಯಾಟರಿಯಷ್ಟಿದೆ. ಬ್ಯಾಟರಿ ಇಲ್ದೆ ಲೈಟ್ ಉರಿಯಲ್ಲ. ಹೊಲಿಯೋಕೆ ಅಲ್ಲಿ ಯಾರ ಬಟ್ಟೆ ಇದೆ ಹೇಳು?" ಅಂದರು. ಎಷ್ಟು ಮೃದುವಾಗಿ ಹೇಳಿದರು ಗೊತ್ತೇ? ಜೋರು ಮಾಡಿದ್ದರೆ ನಾನೂ ಜೋರು ಮಾಡುತ್ತಿದ್ದೆ. ಅಂಕಿ ತೋರಿಸಿ ಮೆಲ್ಲಗೆ ಮಾತಾಡುವವರ ಜೊತೆ ಜಗಳ ಆಡುವುದು ಹೇಗೆ? ಹಲ್ಲು ಕಚ್ಚಿಕೊಂಡು ಒಳಗೆ ಹೋದೆ. ಮಷಿನ್ನು ಹೊಲಿಗೆ ಕಲಿಯುತ್ತಿದ್ದ ಎದುರು ಮನೆಯವಳ ಪಾಲಾಯಿತು.

ಆದರೆ ಅದೇ ಮಷಿನ್ನಿನಲ್ಲಿ ಕೊನೆಯದಾಗಿ ನಾನು ಹೊಲಿದದ್ದು ಏನು ಅಂದುಕೊಂಡಿರಿ? ಆ ವ್ಯಾನಿನ ಪರದೆಗಳನ್ನು. ಮಂಚದ ಗಾದಿಯನ್ನು, ಅಡುಗೆ ಕಟ್ಟೆಯ ಪಕ್ಕದ ಚೀಲಗಳನ್ನು, ಬಾಗಿಲ ಹಿಂದೆ ನೇತುಹಾಕುವ ಚಪ್ಪಲಿಯ ಜೇಬುಗಳನ್ನು. ತೆಳ್ಳನೆಯ ಬಟ್ಟೆ, ಹಗುರದ ಸ್ಪಂಜು. ಇವರು ಒಂದೊಂದನ್ನೂ ತೂಗಿ, "ಭೇಷ್, ನಿನ್ನ ಕೈ ಹಗುರ," ಅಂದರು. ನನಗೆ ಸಂತೋಷವಾಯಿತು. ಬೆಪ್ಪುತಕ್ಕಡಿ ನಾನು.

ಹೊರಡುವ ಮುನ್ನಾದಿನ ಸ್ಟೂಲಿನಿಂದ ಎದ್ದು ಮೈ ಮುರಿದು ಹೇಳಿದರು: "ಮೂರೂವರೆ ಟನ್ನಿಗೆ ಇಪ್ಪತ್ತು ಕೆಜಿ ಕಮ್ಮಿ. ಬೇಕಂತಲೇ ಮಿಗಿಸಿದೀನಿ. ದಾರೀಲಿ ಏನಾದ್ರೂ ಕೊಳ್ಳೋಣ ಅನ್ಸಿದ್ರೆ ಇರ್ಲಿ ಅಂತ." ನನ್ನ ಗಂಡನಿಗೆ ಇಷ್ಟು ಮುಂದಾಲೋಚನೆ ಇದೆಯಲ್ಲ ಅಂತ ನಾನು ಆವತ್ತು ಸ್ವಲ್ಪ ಕರಗಿದೆ ಕೂಡ.

ಬೆಳಗ್ಗೆ ಮನೆ ಕೊಂಡವರು ಬೀಗದ ಕೈಗೆ ಕಾಯುತ್ತಾ ಗೇಟಿನ ಹತ್ತಿರ ನಿಂತಿದ್ದರು. ಗಂಡ, ಹೆಂಡತಿ, ಹೊಸ ಪೊರಕೆ. ನಾನು ಒಂದು ಸಲ ಒಳಗೆ ಹೋಗಿ ಬಂದೆ. ಮುಂದಿನ ಕೋಣೆಯ ಗೋಡೆಯಲ್ಲಿ ಮೇಜು ಉಜ್ಜಿ ಉಜ್ಜಿ ಸುಣ್ಣ ಹೋದ ಗೆರೆ ಹಾಗೇ ಇತ್ತು. ಕಿಟಕಿಯ ಸಂದಿನಲ್ಲಿ ಗುಂಡುಪಿನ್ನುಗಳು ಹೊಳೆಯುತ್ತಿದ್ದವು. ಅಳು ಬರುತ್ತದೆ ಅಂದುಕೊಂಡಿದ್ದೆ. ಬರಲಿಲ್ಲ, ಸಿಟ್ಟು ಬಂತು. ಮನೆ ಕೊಂಡವಳು "ಇದನ್ನ ನಾವು ಸ್ಕೂಟರ್ ನಿಲ್ಲಿಸೋಕೆ ಮಾಡ್ಕೋತೀವಿ" ಅಂತ ಗಂಡನಿಗೆ ಹೇಳುವುದು ಕೇಳಿಸಿತು. ಹೊರಗೆ ಇವರು ಹಾರನ್ ಹೊಡೆದರು. ಒಂದಲ್ಲ, ಎರಡು ಸಲ. ನಾನು ನನ್ನ ಬಟ್ಟೆಯ ಬ್ಯಾಗು ತೊಡೆಯ ಮೇಲಿಟ್ಟುಕೊಂಡು ಅವರ ಪಕ್ಕದಲ್ಲಿ ಹತ್ತಿ ಕೂತೆ. ಬೀದಿಯವರೆಲ್ಲ ಕೈ ಬೀಸಿದರು. ಇವರು ರಾಜನ ಹಾಗೆ ತಲೆ ಅಲ್ಲಾಡಿಸಿದರು.

ದಾರಿಯಲ್ಲಿ ಡೀಸೆಲ್, ನೀರು ತುಂಬಿಸಿಕೊಂಡು ವೇಬ್ರಿಡ್ಜ್ ಮುಟ್ಟುವ ಹೊತ್ತಿಗೆ ಮಧ್ಯಾಹ್ನದ ಬಿಸಿಲು ನೆತ್ತಿ ಸುಡುತ್ತಿತ್ತು. ನಮ್ಮ ಮುಂದೆ ಒಂದು ಸಿಮೆಂಟಿನ ಲಾರಿ, ಹಿಂದೆ ಬಂದು ನಿಂತದ್ದು ಇಟ್ಟಿಗೆಯ ಲಾರಿ. ಗಾಜಿನ ಕೋಣೆಯಲ್ಲಿ ಈಗ ಇವರ ಕೈಕೆಳಗೆ ಕೆಲಸ ಕಲಿತವನು ಕೂರುತ್ತಾನೆ. ಸದಾ ಚೀಟಿ ಹರಿಯುವವನಾದ್ದರಿಂದ ಎಲ್ಲರೂ ಅವನನ್ನು ಚೀಟಿ ಅಂತಲೇ ಕರೆಯುತ್ತಾರೆ. ಅವನಿಗೂ ತಲೆ ನರೆತಿದೆ, ಹೆಸರು ಮಾತ್ರ ಬದಲಾಗಿಲ್ಲ. ಇವರನ್ನು ನೋಡಿ ಎದ್ದು ಹೊರಗೆ ಓಡಿ ಬಂದ.

"ಬನ್ನಿ ಸಾರ್, ಬನ್ನಿ! ಅರಮನೆ ತಂದಿದೀರ!"

"ತೂಗಪ್ಪ," ಅಂದರು ಇವರು. "ಆಣೆ ಮಾಡಿ ಹೇಳ್ತೀನಿ, ಮೂರು ಸಾವಿರದ ನಾನೂರ ಎಂಬತ್ತು. ಒಂದು ಅಂಕಿ ಹೆಚ್ಚು ಕಮ್ಮಿ ಬಂದ್ರೆ ಮೀಸೆ ಬೋಳಿಸ್ತೀನಿ."

ಹಾಸಿನ ಮೇಲೆ ಗಾಡಿ ಏರಿತು. ಅಂಕಿಗಳು ಕುಣಿದು ಕುಣಿದು ನಿಂತವು. ಮೂರು ಸಾವಿರದ ಐನೂರ ನಲವತ್ತು.

ಇವರ ಮುಖದಿಂದ ನಗು ಜಾರಿತು. "ಮಷಿನ್ ಸರಿಯಿಲ್ಲ," ಅಂದರು.

ಚೀಟಿಗೆ ಅವಮಾನವಾಯಿತು. "ಹೋದ ವಾರ ತಾನೇ ಪರೀಕ್ಷೆ ಮಾಡಿದ್ದಾರೆ ಸಾರ್. ಹಿಂದೆ ತಗೊಂಡು ಮತ್ತೆ ಬನ್ನಿ."

ಹಿಂದೆ ತೆಗೆದುಕೊಂಡರು. ಅಂಕಿ ಸೊನ್ನೆಗೆ ಬಂತು. ಮತ್ತೆ ಏರಿದರು. ಅದೇ ಐನೂರ ನಲವತ್ತು. ಇವರು ಕಣ್ಣು ಮುಚ್ಚಿ ತುಟಿ ಅಲ್ಲಾಡಿಸುತ್ತಾ ಕೂಡಿಸತೊಡಗಿದರು. ಗಾದಿ, ಟ್ಯಾಂಕು, ಗ್ಯಾಸು, ಬ್ಯಾಟರಿ, ಪಾತ್ರೆ, ಚಮಚ. ಹಣೆಯ ಮೇಲೆ ಬೆವರು. ಅವರ ಕಷ್ಟ ನೋಡಲಾಗದೆ ನಾನು "ನೀರು ಜಾಸ್ತಿ ತುಂಬಿರ್ಬೇಕು ಬಿಡಿ," ಅಂದೆ. ನೋಡಿ, ಸಮಾಧಾನ ಮಾಡಿದ್ದೂ ನಾನೇ.

ಆಗ ಚೀಟಿ ಕಿಟಕಿಯ ಹತ್ತಿರ ಬಂದು ಒಳಗೆ ಇಣುಕಿ ಹಣೆ ಬಡಿದುಕೊಂಡ.

"ಸಾರ್, ಅಮ್ಮಾವ್ರು ಒಳಗೇ ಇದ್ದಾರಲ್ಲ! ಇಳಿಸಿ ಸಾರ್."

ನಾನು ಬ್ಯಾಗು ಹಿಡಿದುಕೊಂಡು ಇಳಿದು, ಹಾಸಿನಿಂದ ಆಚೆ ಮಣ್ಣಿನ ಮೇಲೆ ನಿಂತೆ. ಕೆಂಪು ಅಂಕಿ ಸರ್ರನೆ ಇಳಿಯಿತು. ಮೂರು ಸಾವಿರದ ನಾನೂರ ಎಂಬತ್ತು.

"ಪಾಸ್!"

ಕೂಗಿದ್ದು ಚೀಟಿಯಲ್ಲ, ನನ್ನ ಗಂಡ. ಸ್ಟೇರಿಂಗಿಗೆ ಎರಡೂ ಕೈಯಿಂದ ಬಡಿದು, ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ, "ನೋಡಿದ್ಯಾ! ಒಂದು ಅಂಕಿ ಆಚೀಚೆ ಇಲ್ಲ! ಹೇಳ್ಲಿಲ್ವಾ?" ಅಂತ ಕೂಗಿದರು. ಅವರ ಮುಖದಲ್ಲಿ ಅಂಥ ಬೆಳಕನ್ನು ನಾನು ಮಗಳು ಹುಟ್ಟಿದ ದಿನ ನೋಡಿದ್ದೆ.

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದಾಗ ಕಿವಿಯೆಲ್ಲ ಬಿಸಿಯಾಯಿತು.

"ರೀ," ಅಂದೆ. "ನಿಮ್ಮ ಲೆಕ್ಕದಲ್ಲಿ ನಾನು ಎಲ್ಲಿದ್ದೀನಿ?"

"ಏನು?"

"ಚಮಚ ಇದೆ. ಚಪ್ಪಲಿ ಚೀಲ ಇದೆ. ಫೋಟೋ ಇದೆ, ರಟ್ಟು ತೆಗೆದು. ನಾನೆಲ್ಲಿ?"

ಅವರು ತಲೆ ಕೆರೆದುಕೊಂಡರು. ಆಮೇಲೆ, ದೇವರೇ, ನಕ್ಕರು. "ಅರೆ ಹೌದಲ್ಲ! ಅದು ಏನಾಯ್ತು ಅಂದ್ರೆ, ಗಾಡಿಯ ಖಾಲಿ ತೂಕದಲ್ಲಿ ಡ್ರೈವರ್ ಸೇರಿರ್ತಾನೆ. ಕಾನೂನೇ ಹಾಗೆ. ಹಂಗಾಗಿ ನಾನು ತಾನಾಗೇ ಬಂದ್ಬಿಟ್ಟೆ. ಪಕ್ಕದ ಸೀಟು ಅದ್ರಲ್ಲಿ ಸೇರಲ್ಲ. ತೂಗೋವಾಗ ಕ್ಲೀನರ್‌ನ ಯಾವಾಗ್ಲೂ ಇಳಿಸ್ತೀವಲ್ಲ, ಅದೇ ಅಭ್ಯಾಸ..."

ಕ್ಲೀನರ್! ಲಾರಿಯ ಗಾಜು ಒರೆಸುವವನು, ಟಯರ್ ತಟ್ಟಿ ನೋಡುವವನು. ಇಟ್ಟಿಗೆ ಲಾರಿಯ ಕ್ಲೀನರು ಅಲ್ಲೇ ನಿಂತು ಬೀಡಿ ಎಳೆಯುತ್ತಿದ್ದ. ತನ್ನ ಮಾತು ಬಂತಲ್ಲ ಅಂತ ತಿರುಗಿ ನೋಡಿದ.

ಎಷ್ಟು ತಿಂಗಳು ಅದೇ ಸ್ಟೂಲಿನ ಮೇಲೆ ಕೂತು ಈ ಮನುಷ್ಯ ನಮ್ಮ ಬದುಕನ್ನು ಗ್ರಾಮಿನ ಲೆಕ್ಕದಲ್ಲಿ ತೂಗಿದರು! ನಾನು ಎದುರಿಗೇ ಓಡಾಡುತ್ತಿದ್ದೆ. ಸಾಮಾನು ತಂದು ಯಂತ್ರದ ಮೇಲಿಟ್ಟವಳು ನಾನೇ, ಇಳಿಸಿದವಳೂ ನಾನೇ. ದಾರಿಯಲ್ಲಿ ಕೊಳ್ಳಬಹುದಾದ, ಇನ್ನೂ ಕಣ್ಣಲ್ಲೇ ನೋಡದ ಸಾಮಾನಿಗೆ ಇಪ್ಪತ್ತು ಕೆಜಿ ಮೀಸಲಿಟ್ಟ ತಲೆಗೆ ನಾನು ಹೊಳೆಯಲಿಲ್ಲ. ಬೇಕಂತ ಬಿಟ್ಟಿದ್ದರೂ ಇಷ್ಟು ಉರಿಯುತ್ತಿರಲಿಲ್ಲವೇನೋ. ಬೇಕಂತ ಬಿಡುವುದಕ್ಕಾದರೂ ನೆನಪಾಗಬೇಕಲ್ಲ.

"ಈಗೇನ್ಮಾಡ್ತೀರಿ?" ಅಂದೆ.

ಅವರು ಇಳಿದು ನನ್ನ ಹತ್ತಿರ ಬಂದು ದನಿ ತಗ್ಗಿಸಿದರು. "ಏನಿಲ್ಲ, ಸುಲಭ. ಈಗ ಪಾಸ್ ಆಗಿದೆ, ಚೀಟಿ ಇಸ್ಕೊಂಡ್ಬಿಡ್ತೀನಿ. ನೀನು ಹೀಗೇ ನಡ್ಕೊಂಡು ಗೇಟಿಂದಾಚೆ ಹೋಗು. ನಾನು ಬಂದು ಹತ್ತಿಸ್ಕೋತೀನಿ."

"ಮುಂದಿನ ಚೆಕಿಂಗ್ ಬಂದ್ರೆ?"

"ಅಲ್ಲೂ ಇಳಿದ್ರಾಯ್ತು. ಎಲ್ಲಾ ಕಡೆ ತೂಗಲ್ಲ."

"ಇದೇ ಆಟ ಯಾವನಾದ್ರೂ ಲಾರಿ ಡ್ರೈವರ್ ಆಡಿದ್ರೆ ನೀವು ಬಿಡ್ತಿದ್ರಾ?"

ಇಟ್ಟಿಗೆ ಲಾರಿಯ ಡ್ರೈವರ್ ಅಷ್ಟು ಹೊತ್ತಿಗೆ ಇಳಿದು ಬಂದಿದ್ದ. "ನನ್ನನ್ನ ಒಂದು ಸಲ ಬಿಸಿಲಲ್ಲಿ ನಿಲ್ಲಿಸಿ ಅರ್ಧ ಲೋಡ್ ಇಳಿಸಿದಾರಮ್ಮ ಇವರು," ಅಂದ. ಅವನ ದನಿಯಲ್ಲಿ ಎಷ್ಟು ಸಂತೋಷ! "ಕಾಲಿಗೆ ಬಿದ್ದೆ, ಕೇಳ್ಲಿಲ್ಲ."

"ಹಾಗಾದ್ರೆ ಇಳಿಸಿ," ಅಂದೆ ನನ್ನ ಗಂಡನಿಗೆ. "ನನ್ನಷ್ಟು ಇಳಿಸಿ. ಎಲ್ಲರಿಗೂ ಮಾಡಿದ್ದು ನಿಮಗೂ ಆಗ್ಲಿ."

"ಇಲ್ಲೇನಾ? ಈಗ್ಲೇನಾ?"

"ಇಲ್ಲೇ. ಈಗ್ಲೇ."

ಏಕವಚನ ನಾಲಿಗೆಯ ತುದಿಗೆ ಬಂದಿತ್ತು. ಚೀಟಿ ಇದ್ದಾನಲ್ಲ ಅಂತ ನುಂಗಿಕೊಂಡೆ.

ಹಿಂದಿನ ಬಾಗಿಲು ತೆಗೆದರು. ಒಳಗೆ ನನ್ನ ಪರದೆಗಳು ಗಾಳಿಗೆ ಅಲ್ಲಾಡಿದವು. ಇವರು ಒಂದು ಕ್ಷಣ ಕಣ್ಣಾಡಿಸಿದರು. ಅವರ ಕೈ ಮೊದಲು ಹೋದದ್ದು ಎಲ್ಲಿಗೆ ಅಂತೀರಿ? ಬಾಗಿಲ ಹತ್ತಿರವಿದ್ದ ನನ್ನ ಬಟ್ಟೆ ತುಂಡುಗಳ ಡಬ್ಬಿಗೆ. ನನ್ನ ಇಡೀ ಅಂಗಡಿಯಲ್ಲಿ ಪಾಸ್ ಆಗಿದ್ದು ಅದೊಂದೇ.

"ಕೈ ತೆಗೀರಿ!" ಅಂತ ಎಷ್ಟು ಜೋರಾಗಿ ಕಿರುಚಿದೆನೆಂದರೆ ಮುಂದೆ ಹೋಗಿದ್ದ ಸಿಮೆಂಟ್ ಲಾರಿಯವನೂ ಗಾಡಿ ನಿಲ್ಲಿಸಿ ನೋಡಿದ.

ನಾನೇ ಒಳಗೆ ಹತ್ತಿದೆ. ಮಂಚದ ಗಾದಿ ಎತ್ತಿದೆ. ಅದರ ಕೆಳಗಿನ ಪೆಟ್ಟಿಗೆಯಲ್ಲಿ ಹಳೆಯ ಟವೆಲ್ಲಿನಲ್ಲಿ ಸುತ್ತಿಟ್ಟ ಏನೋ ಇತ್ತು. ಎತ್ತಲು ಹೋದರೆ ಕೈ ಜಗ್ಗಿತು. ಬಿಚ್ಚಿ ನೋಡಿದೆ. ತೂಕದ ಕಲ್ಲು! ಹಿಡಿಕೆ ಇರುವ, ಕರೀ ಬಣ್ಣ ಬಳಿದ, ಇಪ್ಪತ್ತು ಕೆಜಿಯ ಕಬ್ಬಿಣದ ಕಲ್ಲು.

"ಇದೇನ್ರಿ?"

ಇವರು ಟವೆಲ್ಲಿಗೆ ಕೈ ಚಾಚಿದರು. ಉತ್ತರ ಕೊಟ್ಟವನು ಚೀಟಿ. "ಅದು ನಾವೆಲ್ಲ ಸೇರಿ ಸಾರ್‌ಗೆ ಬೀಳ್ಕೊಡುಗೆಗೆ ಕೊಟ್ಟಿದ್ದಮ್ಮ. ಮಷಿನ್ ಪರೀಕ್ಷೆ ಮಾಡೋ ಕಲ್ಲು."

"ನೆನಪಿಗೆ ಅಂತ..." ಅಂದರು ಇವರು. "ಅದನ್ನ ಲೆಕ್ಕಕ್ಕೆ ಹಿಡಿದಿದೀನಿ. ಕದ್ದು ಇಟ್ಟಿಲ್ಲ."

ಲೆಕ್ಕಕ್ಕೆ ಹಿಡಿದಿದ್ದಾರಂತೆ!

ನಾನೇ ಅದನ್ನು ಎರಡೂ ಕೈಯಿಂದ ಎಳೆದು ತಂದು ಹಾಸಿನ ಅಂಚಿಗೆ ಕೆಡವಿದೆ. ಅಂಥ ಸದ್ದು ನಾನು ಬದುಕಿನಲ್ಲಿ ಮಾಡಿರಲಿಲ್ಲ, ಹಿತವಾಗಿತ್ತು. ಚೀಟಿ ಓಡಿ ಬಂದು ಅದನ್ನು ಮಣ್ಣಿಗೆ ಸರಿಸಿದ. "ಅಮ್ಮಾವ್ರು ಕೂತ್ರೆ ಇನ್ನೂ ಇಪ್ಪತ್ತು ಕೆಜಿ ಜಾಸ್ತಿ ಸಾರ್," ಅಂದ.

"ಇನ್ನೇನು ಇಳಿಸ್ತೀರಿ?" ಅಂದೆ.

ಇವರು ಟೂಲ್ ಬಾಕ್ಸ್ ಹಿಡಿದುಕೊಂಡರು. "ಇದಿಲ್ದೆ ಹೇಗೆ? ಗಾಡಿ ಕೆಟ್ರೆ?" ಕೆಳಗಿಟ್ಟರು. ಬ್ಯಾಟರಿಯ ಮೇಲೆ ಕೈಯಿಟ್ಟರು. "ಇದಿಲ್ದೆ ಹೇಗೆ? ಕತ್ತಲಲ್ಲಿ ಕೂರೋದಾ?" ಎರಡನೇ ಸ್ಟೆಪ್ನಿ. "ಇದಿಲ್ದೆ ಹೇಗೆ?" ಮಡಚುವ ಕುರ್ಚಿ. ಅದಕ್ಕೂ ಅದೇ ಪ್ರಶ್ನೆ. ನಾನು ಕಾದೆ. ಇಷ್ಟೊಂದು ವಸ್ತುಗಳಿಗೆ ಕೇಳಿದ ಪ್ರಶ್ನೆಯನ್ನು ಒಂದು ಸಲ, ತಪ್ಪಿಯಾದರೂ, ನನ್ನ ಕಡೆ ತಿರುಗಿ ಕೇಳಬಹುದು ಅಂತ ಕಾದೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಕೇಳಿದ್ದರೆ ಟೂಲ್ ಬಾಕ್ಸನ್ನು ತೊಡೆಯ ಮೇಲಿಟ್ಟುಕೊಂಡಾದರೂ ಹೋಗುತ್ತಿದ್ದೆ. ನೀರು ಚೆಲ್ಲಿ, ಊಟ ಬಿಟ್ಟು, ಹೇಗಾದರೂ ಹಗುರಾಗಿ ಹೋಗುತ್ತಿದ್ದೆ.

ಹಿಂದಿನ ಲಾರಿಗಳು ಹಾರನ್ ಹೊಡೆಯತೊಡಗಿದವು. ಇವರು ಬೆವರು ಒರೆಸಿಕೊಂಡು ನನ್ನ ಕಡೆ ತಿರುಗಿದರು.

"ಜನರೆದುರು ಹಟ ಮಾಡ್ಬೇಡ," ಅಂದರು. "ಎಲ್ರೂ ಕಾಯ್ತಿದಾರೆ."

ಅಷ್ಟೇ. ನನ್ನೊಳಗೆ ಕುದಿಯುತ್ತಿದ್ದದ್ದು ನಿಂತುಬಿಟ್ಟಿತು. ಆರಲಿಲ್ಲ, ಗಟ್ಟಿಯಾಯಿತು. ಬಟ್ಟೆ ತುಂಡಿನ ಡಬ್ಬಿ ಒಂದು ಕೈಗೆ, ಬ್ಯಾಗು ಇನ್ನೊಂದು ಕೈಗೆ ತೆಗೆದುಕೊಂಡೆ.

"ಚೀಟಿ ಕೊಡಪ್ಪ ಅವರಿಗೆ," ಅಂದೆ ಗಾಜಿನ ಕೋಣೆಯವನಿಗೆ. "ತೂಕ ಸರಿಯಿದೆ."

ಗೇಟಿನ ಕಡೆ ನಡೆದೆ. ಹಿಂದಿನಿಂದ ಇವರ ದನಿ ಕೇಳಿಸಿತು, ಸಮಾಧಾನದ ದನಿ. "ಹಾಂ, ಹಾಗೆ ಬಾ ದಾರಿಗೆ! ಮೊದಲೇ ಹೇಳ್ಲಿಲ್ವಾ ಸುಲಭ ಅಂತ." ಚೀಟಿ ಏನೋ ಮೆಲ್ಲಗೆ ಅಂದ. ಇವರು, "ಏ, ಇಲ್ಲಪ್ಪ, ಅವಳಿಗೆ ಸಿಟ್ಟು ಬೇಗ ಬರುತ್ತೆ, ಬೇಗ ಹೋಗುತ್ತೆ," ಅಂದರು.

ಗೇಟಿನಾಚೆ ಧೂಳು ಹಿಡಿದ ಮರದ ಕೆಳಗೆ ನಿಂತು ಫೋನ್ ತೆಗೆದೆ. ಅಕ್ಕ ಫೋನ್ ಮಾಡಬೇಡ ಅಂದಿದ್ದು ನೆನಪಾಗಿ ಮತ್ತೆ ಒಳಗಿಟ್ಟೆ. ಅಷ್ಟರಲ್ಲಿ ವ್ಯಾನು ಬಂತು. ನನ್ನ ಮುಂದೆಯೇ ನಿಂತಿತು. ಪಕ್ಕದ ಸೀಟಿನ ಬಾಗಿಲು ಒಳಗಿನಿಂದ ತೆರೆದುಕೊಂಡಿತು. ಇವರು ಆ ಕಡೆಯಿಂದ ಬಾಗಿ, ಬಾಯಲ್ಲಿ ತೂಕದ ಚೀಟಿ ಕಚ್ಚಿಕೊಂಡು ನಗುತ್ತಿದ್ದರು. ಅದನ್ನು ಕೈಗೆ ತೆಗೆದುಕೊಂಡು ರಸ್ತೆಯ ಆಚೀಚೆ ನೋಡಿದರು.

"ಬೇಗ ಹತ್ತು. ಯಾರೂ ನೋಡ್ತಿಲ್ಲ."

ಸೀಟಿನ ಮೇಲೆ ಆ ಕಬ್ಬಿಣದ ಕಲ್ಲು ಕೂತಿತ್ತು. ಹಾಸಿನ ಪಕ್ಕ ಏನನ್ನೂ ಬಿಟ್ಟು ಹೋಗುವ ಹಾಗಿಲ್ಲ, ಅದು ಅಲ್ಲಿನ ನಿಯಮ, ನನಗೂ ಗೊತ್ತು. ಅವಸರದಲ್ಲಿ ಕೈಗೆ ಸಿಕ್ಕ ಕಡೆ ಇಟ್ಟಿರುತ್ತಾರೆ.

"ಅದನ್ನ ಕಾಲ ಹತ್ರ ಸರಿಸ್ಕೊಂಡು ಕೂತ್ಕೋ," ಅಂದರು.

ನಾನು ಬ್ಯಾಗು, ಡಬ್ಬಿ ಕೆಳಗಿಟ್ಟೆ. ಒಳಗೆ ಬಾಗಿದೆ. ಅವರು ನಾನು ಹತ್ತುತ್ತೇನೆ ಅಂತ ಗೇರಿಗೆ ಕೈ ಹಾಕಿದರು. ಸೀಟಿನ ಬೆಲ್ಟು ಎಳೆದು, ಕಲ್ಲಿನ ಹಿಡಿಕೆಯೊಳಗಿಂದ ತೂರಿಸಿ, ಆ ಕಡೆ ಟಕ್ಕನೆ ಸಿಕ್ಕಿಸಿದೆ. ಅಲ್ಲಾಡಿಸಿ ನೋಡಿದೆ, ಭದ್ರವಾಗಿತ್ತು.

"ಏನ್ಮಾಡ್ತಿದೀಯ?" ಅವರ ನಗು ಇನ್ನೂ ಪೂರ್ತಿ ಹೋಗಿರಲಿಲ್ಲ.

"ಪಕ್ಕದಲ್ಲಿ ಕೂರೋದು ಇದೇ," ಅಂದೆ. "ಇದನ್ನ ಲೆಕ್ಕಕ್ಕೆ ಹಿಡಿದಿದೀರಲ್ಲ. ಹೊರಡಿ."

ಬಾಗಿಲು ಎಳೆದು ಹಾಕಿದೆ. ಗಾಜಿನಾಚೆ ಅವರ ಬಾಯಿ ಅಲ್ಲಾಡುತ್ತಿತ್ತು, ಏನು ಅಂತ ಕೇಳಿಸಲಿಲ್ಲ. ನಾನು ರಸ್ತೆ ದಾಟಿ ಅಕ್ಕನ ಊರಿನ ಬಸ್ಸು ನಿಲ್ಲುವ ಕಡೆ ಹೋಗಿ ನಿಂತೆ.